ಟವೆಲ್ಲಿನಡಿಯ ಇಪ್ಪತ್ತನಾಲ್ಕು ಪದ

ನಮ್ಮ ಕಾಕಾ ಯಾರನ್ನೂ ನಂಬುವುದಿಲ್ಲ ಎಂದರೆ ಅನ್ಯಾಯವಾದೀತು. ಹೆಗಲ ಮೇಲಿನ ಟವೆಲ್ಲನ್ನು ಪೂರ್ತಿ ನಂಬುತ್ತಾರೆ. ಜೀವನವಿಡೀ ಹತ್ತಿ ವ್ಯಾಪಾರ ಮಾಡಿದವರು, ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದೇ ದರ ಕುದುರಿಸಿದವರು. ಪಕ್ಕದಲ್ಲಿ ನಿಂತವನಿಗೆ ಆ ದರ ಇಂದಿಗೂ ಗೊತ್ತಾಗಿಲ್ಲ.

ಇಂಥವರು ಕ್ರಿಪ್ಟೋ ಎಂಬ ಡಿಜಿಟಲ್ ಹಣ ಕೊಂಡರೆ ಏನಾಗಬೇಕು? ನನ್ನ ಭಾನುವಾರಗಳು ಹಾಳಾಗಬೇಕು, ಆದವು. ಕ್ರಿಪ್ಟೋ ಫೋನಿನ ಆ್ಯಪಿನಲ್ಲಿರುವುದು ಮಂದಿಯ ಕಪಾಟಿನಲ್ಲಿ ಇಟ್ಟಂತೆ ಎಂದು ಅವರೊಂದು ಹಾರ್ಡ್‌ವೇರ್ ವಾಲೆಟ್ ತರಿಸಿದರು. ಪೆನ್ ಡ್ರೈವಿನಷ್ಟಿರುವ ಯಂತ್ರ, ಕ್ರಿಪ್ಟೋದ ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ವಾರವೆಲ್ಲ ಧಾರವಾಡದಲ್ಲಿ ಇಂಗ್ಲಿಷ್ ಪಾಠ ಹೇಳಿ ಸುಸ್ತಾಗಿದ್ದ ನನಗೆ ಗೋಪನಕೊಪ್ಪದಿಂದ ಕಾಕಾನ ಕರೆ ಬಂತು.

"ಬಾರವಾ. ನಾ ಹೋದ ಮ್ಯಾಲ ನಿಮ್ಮ ಕಾಕೂ ಯಾರ ಮುಂದೂ ಕೈ ಚಾಚಬಾರ್ದು."

ಈ ಮಾತನ್ನು ಅವರು ಬದನೆಕಾಯಿ ಕೊಳ್ಳುವಾಗಲೂ ಹೇಳುತ್ತಾರೆ. ನಾನು ಆಕಳಿಸುತ್ತ ಬಸ್ ಹತ್ತಿದೆ.

ಯಂತ್ರದ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳ ಚೀಟಿ ಅಚ್ಚಾಗಿಯೇ ಬಂದಿತ್ತು. ಯಂತ್ರ ಕಳೆದರೂ ಎಲ್ಲವನ್ನೂ ಮರಳಿ ಕೊಡಿಸುವ ಪದಗಳು ಅವು. ಕಾಕಾ ಖುಷಿಯಾದರು.

"ನೋಡವಾ, ಪಾಪ, ಬರಿಯೋ ತ್ರಾಸನೂ ಕೊಟ್ಟಿಲ್ಲ."

"ಕಾಕಾ, ಆ ಪದ ಯಂತ್ರನ ನಿಮ್ಮ ಕಣ್ಣಮುಂದ ಹೊಸದಾಗಿ ತೋರಿಸಬೇಕ್ರಿ. ಇದನ್ನ ಅಚ್ಚು ಹಾಕಿದಾವನ ಕಡೆ ಇನ್ನೊಂದು ಚೀಟಿ ಇರ್ತೈತಿ."

ಬದನೆಕಾಯಿಯನ್ನು ಹತ್ತು ಸಲ ತಿರುಗಿಸಿ ನೋಡುವ ಮನುಷ್ಯ! ಅದನ್ನು ವಾಪಸ್ ಕಳಿಸಿ, ತಯಾರಿಸಿದವರಿಂದಲೇ ನೇರವಾಗಿ ಇನ್ನೊಂದು ತರಿಸುವಷ್ಟರಲ್ಲಿ ತಿಂಗಳು ಕಳೆಯಿತು.

ಪದಗಳನ್ನು ಯಾರಿಗೂ ತೋರಿಸಬೇಡಿ, ಫೋಟೋ ತೆಗೆಯಬೇಡಿ ಎಂದು ಬುದ್ಧಿ ಹೇಳಿದವಳು ನಾನೇ. ಫಲವಾಗಿ ನನ್ನನ್ನೇ ಗೋಡೆಗೆ ಮುಖ ಮಾಡಿ ಕೂರಿಸಿದರು. ಸಾಲಿಯಲ್ಲೂ ನನಗೆ ಈ ಶಿಕ್ಷೆಯಾಗಿರಲಿಲ್ಲ. ಒಂದು ತಾಸು ಸುಣ್ಣದ ಬಿರುಕು ಎಣಿಸಿದೆ. ಹಣ ಹಾಕುವ ಮೊದಲು ಯಂತ್ರವನ್ನು ಪೂರ್ತಿ ಅಳಿಸಿ, ಚೀಟಿಯಿಂದ ಮರಳಿ ಬರುತ್ತದೋ ನೋಡಿ ಎಂದೆ. ಬರಲಿಲ್ಲ. ಯಾಕೆ ಬಂದೀತು? ಕಾಕಾ ಚೀಟಿ, ಪೆನ್ನು, ಕೈ ಮೂರನ್ನೂ ಟವೆಲ್ಲಿನ ಕೆಳಗಿಟ್ಟು, ನೋಡದೆಯೇ ಬರೆದಿದ್ದರು. ಏಳನೆಯ ಪದದ ಮೇಲೆ ಎಂಟನೆಯದು ಹತ್ತಿ ಕುಳಿತಿತ್ತು.

"ಬೆರಳು ಎಂದೂ ತಪ್ಪಿಲ್ಲ ನೋಡವಾ," ಎಂದರು ಕಾಕಾ. "ಪೆನ್ನಿಗೇ ರೂಢಿ ಇಲ್ಲ."

ಮತ್ತೆ ಮೊದಲಿಂದ ಹೊಸ ಪದ, ಮತ್ತೆ ಗೋಡೆ. ಈ ಸಲ ಟವೆಲ್ ಬಿಟ್ಟು, ಬಾಗಿಲು ಹಾಕಿಕೊಂಡು ಬರೆದರು. ಅಳಿಸಿ ನೋಡಿದರೆ ಎಲ್ಲವೂ ಮರಳಿ ಬಂತು. ಮುಗಿಯಿತೆಂದುಕೊಂಡೆ. ಮುಂದಿನ ಭಾನುವಾರ ಮತ್ತೆ ಕರೆ ಬಂತು. ಕಾಕಾ ಯಂತ್ರವನ್ನು ಇನ್ನೊಮ್ಮೆ ಅಳಿಸಿ, ಚೀಟಿಯ ಜೊತೆ ಕಾಕೂನ ಮುಂದಿಟ್ಟಿದ್ದರು. ಎಟಿಎಮ್ಮಿನ ಮುಂದೆ ಎಂದೂ ನಿಂತವರಲ್ಲ ನಮ್ಮ ಕಾಕೂ.

"ನಾ ಹೊರಗ ಕಟ್ಟಿ ಮ್ಯಾಲ ಕೂಡ್ತೇನಿ. ನಾ ಇಲ್ಲ ಅಂತ ತಿಳಕೊಂಡು ಮಾಡು. ನಿನಗ ಬರ್ಲಿಲ್ಲಂದ್ರ ಇದೆಲ್ಲಾ ಮಾಡಿದ್ದು ದಂಡ," ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದರು.

ನಾನು ರೂಢಿಯಂತೆ ಗೋಡೆಗೆ ತಿರುಗಿದೆ. ಕಾಕೂ ಕನ್ನಡಕ ಏರಿಸಿ, ಅಕ್ಷರ ಹುಡುಕಿ ಒತ್ತಿ, ಒಂದೊಂದು ಪದ ಮುಗಿದಂತೆ ಎಷ್ಟನೆಯದೆಂದು ಗಟ್ಟಿಯಾಗಿ ಹೇಳುತ್ತಿದ್ದರು. ಎಲ್ಲೂ ತಪ್ಪಲಿಲ್ಲ. ಕಾಕಾನ 'ನಾ ಹೋದ ಮ್ಯಾಲ' ಎಂಬ ಮಾತಿಗೆ ಆಕಳಿಸಿದ್ದು ನೆನೆದು ನನಗೆ ನಾಚಿಕೆಯಾಯಿತು. ಇಪ್ಪತ್ತೆರಡು, ಇಪ್ಪತ್ತಮೂರು ಎಂದರು. ಮುಂದೆ ದನಿ ಬರಲಿಲ್ಲ.

ತಿರುಗಿ ನೋಡಿದೆ. ಯಂತ್ರವನ್ನು ಕೆಳಗಿಟ್ಟು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು.

"ತಂಗಿ, ಅವರನ್ನ ಒಳಗ ಕರಿ."

"ಇನ್ನೊಂದ ಪದ ಐತ್ರಿ, ಕಾಕೂ."

"ಗೊತ್ತೈತಿ. ಅವರು ಇಲ್ಲ ಅಂತ ತಿಳಕೊಂಡು ಇಪ್ಪತ್ತಮೂರು ಹಾಕೇನಿ. ಇನ್ನ ನನ್ನ ಕಡಿಂದ ಆಗೂದಿಲ್ಲ."