ಮೇಲಿನ ಬೀದಿಯ ನೀರುಗಂಟಿ

ನಮ್ಮ ಸೋದರತ್ತೆಯ ಪಕ್ಕ ಬಸ್ಸಿನಲ್ಲಿ ಕೂರುವುದಕ್ಕಿಂತ ಕರಡಿಯ ಪಕ್ಕ ಕೂರುವುದು ವಾಸಿ! ಕರಡಿಯ ಕೈಯಲ್ಲಿ ಕಬ್ಬಿಣದ ಸಲಾಕೆಯಾದರೂ ಇರುವುದಿಲ್ಲ. ಅತ್ತೆ ನಂಜನಗೂಡಿಗೆ ಹೋಗಲಿ, ನರಸೀಪುರದ ಸಂತೆಗೆ ಹೋಗಲಿ, ಊರಿನ ನೀರಿನ ವಾಲ್ವ್ ತಿರುಗಿಸುವ ಎದೆಮಟ್ಟದ ಕೀಲಿಯೂ ಜೊತೆಗೆ ಹೊರಡಬೇಕು. ಮನೆಯಲ್ಲಿ ಬಿಟ್ಟರೆ ಯಾರಾದರೂ ನೀರನ್ನು ತಮ್ಮ ಕಡೆ ತಿರುಗಿಸಿಕೊಂಡಾರೆಂಬ ಗುಮಾನಿ.

ಒಮ್ಮೆ ಕಂಡಕ್ಟರ್ ತಡೆದ. "ಹೆಂಗಸ್ರಿಗೆ ಫ್ರೀ ಕಣಮ್ಮ, ಕಬ್ಬಿಣಕ್ಕಲ್ಲ. ಲಗೇಜ್ ತಗೋ."

"ನಿನ್ ಟಿಕೆಟ್ ಮಿಷಿನ್‌ಗೆ ಲಗೇಜ್ ತಗಂಡಿದ್ದೀಯೇನಪ್ಪ?" ಎಂದಳು ಅತ್ತೆ. "ಅದು ನಿನ್ ಕಸುಬು. ಇದು ನನ್ ಕಸುಬು."

ಕಂಡಕ್ಟರ್ ತೆಪ್ಪಗೆ ಹಿಂದಿನ ಸೀಟಿಗೆ ನಡೆದ. ಹಾಗೆಂದು ನನ್ನ ನೆನಪು. ನನ್ನ ನೆನಪಿಗೆ ಅತ್ತೆಯನ್ನು ಗೆಲ್ಲಿಸುವ ಚಟವಿದೆ. ಅಮ್ಮನ ಪ್ರಕಾರ ಆ ದಿನ ಲಗೇಜಿನ ದುಡ್ಡು ಕೊಟ್ಟವಳು ನಾನೇ!

ನಮ್ಮ ಹಳ್ಳಿಯಲ್ಲಿ ಎರಡು ದೊಡ್ಡ ಬೀದಿಗಳು. ಕೆಳಗಿನ ಬೀದಿಗೆ ನೀರು ಬಿಡುವವನು ಒಬ್ಬ ನೀರುಗಂಟಿ. ಮೇಲಿನ ಬೀದಿಗೆ ನಮ್ಮತ್ತೆ. ಪಂಚಾಯಿತಿಗೆ ಅವಳು ಸೇರಿದ್ದು ಕಸ ಗುಡಿಸಲು. ಮೇಲಿನ ಬೀದಿಯ ಮುದುಕ ನೀರುಗಂಟಿ ಹಾಸಿಗೆ ಹಿಡಿದಾಗ, "ಸ್ವಲ್ಪ ದಿನ ವಾಲ್ವ್ ನೋಡ್ಕಳವ್ವ" ಅಂದಿದ್ದರು. ಆ ಸ್ವಲ್ಪ ದಿನದೊಳಗೆ ನಾನು ಹೈಸ್ಕೂಲು ಮುಗಿಸಿ, ಎಂ.ಎ. ಮಾಡಿ ಮೈಸೂರಿನಲ್ಲಿ ಕೆಲಸಕ್ಕೂ ಸೇರಿದೆ. ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ!

ನಮ್ಮಲ್ಲಿ ಮದುವೆ ಮನೆಯವರು ಹಿಂದಿನ ದಿನ ಎಲೆ ಅಡಿಕೆ ಇಟ್ಟು ನೀರುಗಂಟಿಯನ್ನು ಕರೆಯುವುದು ವಾಡಿಕೆ. ಸಾಲದ್ದಕ್ಕೆ ಹೊಸ ಟವಲು. ಒಂದು ಮದುವೆಗೆ ಎರಡೂ ಬೀದಿಯ ನೀರು ಬೇಕಾಯಿತು. ಕೆಳಗಿನ ಬೀದಿಯವನಿಗೆ ಟವಲು ಹೊದಿಸಿದರು, ಅತ್ತೆಗೆ ರವಿಕೆ ಕಣ ಕೊಟ್ಟರು. ಅವಳು ಕಣವನ್ನು ಹಾಗೆಯೇ ತಟ್ಟೆಗಿಟ್ಟಳು. "ನಂಗೂ ಟವಲ್ಲೇ ಕೊಡಿ. ನನ್ ನೀರೇನ್ ರವಿಕೆ ತೊಟ್ಕಂಡ್ ಬತ್ತದಾ?" ಮದುವೆ ಮುಗಿಯುವವರೆಗೂ ಹೆಗಲ ಮೇಲೆ ಟವಲು ಹಾಕಿಕೊಂಡು ಗಂಡಿನ ಮಾವನಂತೆ ಓಡಾಡಿದಳು.

ಸಮನಾದ ಟವಲು ಸಿಕ್ಕಿತು, ಸಮನಾದ ಸಂಬಳ ಸಿಗಲಿಲ್ಲ. ಇಬ್ಬರದೂ ಒಂದೇ ಕೆಲಸ. ಅವಳ ಸಂಬಳ ಅವನದರ ಅರ್ಧವನ್ನು ಹೇಗೋ ದಾಟುತ್ತಿತ್ತು ಅಷ್ಟೆ. ನಮ್ಮ ಮಾವ ಜಗುಲಿಯ ಮೇಲೆ ಕೂರುವುದನ್ನೇ ಉದ್ಯೋಗ ಮಾಡಿಕೊಂಡವರು. ಒಲೆ ಉರಿಯುತ್ತಿದ್ದುದು ಆ ಸಂಬಳದಿಂದಲೇ. ಹೋದ ಬೇಸಿಗೆಯಲ್ಲಿ ನಾನು ಊರಿಗೆ ಹೋಗಿದ್ದಾಗ ಅತ್ತೆ ನನ್ನನ್ನೂ ಎಳೆದುಕೊಂಡು, ಕೆಳಗಿನ ಬೀದಿಯವನಷ್ಟೇ ಸಂಬಳ ಕೇಳಲು ಪಂಚಾಯಿತಿಗೆ ನಡೆದಳು.

"ಅವನು ಸಂಸಾರಸ್ಥ ಕಣವ್ವ, ಮನೆ ನಡುಸ್ಬೇಕು" ಎಂದರು ಅಧ್ಯಕ್ಷರು.

"ನಾನೇನ್ ಆಲದ್ ಮರದ್ ಮ್ಯಾಲೆ ವಾಸ್ವಾಗಿದ್ದೀನಾ? ನನ್ ಗಂಡ ನಿಮ್ ಕಣ್ಗೆ ಬಿದ್ದಿಲ್ವಾ? ಅವರ ಒಟ್ಟೆನಾದ್ರೂ ಬಿದ್ದಿರ್ಬೇಕಲ್ಲ!"

"ಕಾಗದದಲ್ಲಿ ನೀನು ಗುಡಿಸೋಳು. ನಾವೇನ್ ಮಾಡಕಾಯ್ತದೆ?"

"ಸರಿ ಬುಡಿ. ನಾಳಿಂದ ಗುಡಿಸ್ತೀನಿ."

ಗುಡಿಸಿದಳು ನೋಡಿ! ಬೀದಿಯೇ ಸವೆದುಹೋದೀತು ಅನ್ನುವಂತೆ ಗುಡಿಸಿದಳು. ನಲ್ಲಿಯಲ್ಲಿ ಮಾತ್ರ ಹನಿ ನೀರಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ನಾ ಗುಡಿಸೋಳು ಕಣವ್ವ. ನೀರಿನ್ ವಿಚಾರ ನಂಗೇನ್ ಗೊತ್ತು?"

ಮೊದಲ ದಿನ ಬೀದಿ ನಕ್ಕಿತು. ಮಾರನೆಯ ದಿನ ಯಾರೂ ನಗಲಿಲ್ಲ. ಮೇಲಿನವರೆಲ್ಲ ನುಗ್ಗಿ ಕೆಳಗಿನ ಬೀದಿಯ ನಲ್ಲಿಗಳ ಮುಂದೆ ಜಗಳ, ಕೊಡಕ್ಕೆ ಕೊಡ ತಾಗಿ ಒಂದು ತಲೆಯೂ ಒಡೆಯಿತು. ಅತ್ತೆಯ ಬಾಗಿಲ ಮುಂದೆ ನಿಂತು ಬಾಯಿಗೆ ಬಂದಂತೆ ಬೈದವರಲ್ಲಿ ಅವಳಿಂದ ಹೆಚ್ಚು ನೀರು ಬಿಡಿಸಿಕೊಂಡವರೂ ಇದ್ದರು. ಸಂಜೆ ಅಧ್ಯಕ್ಷರಿಂದ ಸುದ್ದಿ ಬಂತು: ಬೆಳಿಗ್ಗೆ ನೀರು ಬಿಡದಿದ್ದರೆ ಪೊರಕೆಯೂ ಬೇಡ, ಬೇರೆ ಆಳು ನೋಡಿಕೊಳ್ಳುತ್ತೇವೆ.

"ಸಮ ಕೇಳಕ್ ಓಗಿ ಇರೋದ್ನೂ ಕಳ್ಕತಾಳೆ. ಓದ್ದೋಳು, ನೀನಾದ್ರೂ ಬುದ್ಧಿ ಏಳು" ಎಂದು ಅಮ್ಮ ನನ್ನನ್ನು ಅಟ್ಟಿದಳು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋದೆ. ಅತ್ತೆ ಬಾಯಿ ತೆರೆಯಲು ಬಿಡಲಿಲ್ಲ.

"ಒಂದೇ ಕೆಲ್ಸಕ್ಕೆ ನಿನ್ ಪುಸ್ತಕದಲ್ಲಿ ಒಂದು ಕೂಲಿ ಬರ್ದವ್ರಾ, ಎರಡು ಬರ್ದವ್ರಾ?"

"ಒಂದೇ."

"ಮತ್ಯಾಕ್ ಬಂದೆ?"

ವಾಪಸು ಬಂದೆ.

ಬೆಳಿಗ್ಗೆ ವಾಲ್ವ್ ಗುಂಡಿಯ ಸುತ್ತ ಬೀದಿಗೆ ಬೀದಿಯೇ ಸೇರಿತ್ತು. ಅಧ್ಯಕ್ಷರ ಮನೆಯಲ್ಲಿ ಮಗಳು ಬಾಣಂತಿ, ಹಂಡೆ ಬರಿದು. ಅವರ ಹೆಂಡತಿಯೂ ಕೊಡ ಹಿಡಿದು ನಿಂತಿದ್ದರು. ಅಧ್ಯಕ್ಷರು ಕೆಳಗಿನ ಬೀದಿಯ ನೀರುಗಂಟಿಯನ್ನು ಜೊತೆಗೇ ಕರೆತಂದಿದ್ದರು. ಅತ್ತೆ ಕೀಲಿಯನ್ನು ಅವನ ಮುಂದೆ ಇಟ್ಟಳು. ಅವನು ಬಗ್ಗಿದ. ಕೀಲಿ ಹಿಡಿದ. ಹಾಗೇ ತಲೆಯೆತ್ತಿದ.

"ಇದುಕ್ಕೆ ಸಂಬ್ಳ ಏನ್ ಕೊಟ್ಟೀರಿ ಸಾ?"

"ಆವಮ್ಮಂಗೆ ಕೊಡ್ತಿದ್ದದ್ನ ನಿಂಗೇ ಸೇರುಸ್ತೀವಿ ಕಣ್ಲಾ."

ಅವನು ಕಾದ ಬಾಣಲೆ ಮುಟ್ಟಿದವನಂತೆ ಕೈ ತೆಗೆದ. "ಅಷ್ಟೇನಾ? ಇಲ್ಲಿ ನಮ್ ಬೀದಿಗಿಂತ ಮನೆ ಜಾಸ್ತಿ ಸಾ! ಅಷ್ಟಕ್ಕೆ ಯಾವನ್ ಮಾಡ್ತಾನೆ ಸಾ ಈ ಕೆಲ್ಸವಾ?"

ಅಧ್ಯಕ್ಷರ ಹೆಂಡತಿ ಕೊಡವನ್ನು ನೆಲಕ್ಕೆ ಕುಕ್ಕಿದರು.

"ಕೇಳುಸ್ಕಂಡ್ರಾ? ಯಾವನೂ ಮಾಡಕಿಲ್ವಂತೆ. ಇವ್ಳು ಮಾಡ್ಕಂಡ್ ಬಂದವ್ಳೆ."

ಅಧ್ಯಕ್ಷರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಆಯ್ತು, ಮುಂದಿನ ಸಭೇಲಿ ಇಡ್ತೀನಿ."

"ಈಗ್ಲೇ ಇಡಿ" ಎಂದಳು ಅತ್ತೆ. ಸದಸ್ಯರೆಲ್ಲ ಬಕೆಟ್ಟು ಹಿಡಿದು ಅಲ್ಲೇ ಇದ್ದರು, ಕೋರಂಗೆ ಕೊರತೆಯೇ ಇರಲಿಲ್ಲ! ಮೆರವಣಿಗೆಯಂತೆ ಪಂಚಾಯಿತಿ ಕಚೇರಿಗೆ ಹೋದರು. ಅವಳನ್ನು ನೀರುಗಂಟಿ ಎಂದು ಬರೆದು, ಅವನಷ್ಟೇ ಸಂಬಳವೆಂದು ರುಜು ಹಾಕಿ ಬಂದರು. ಆಮೇಲೆ ನೀರು ಬಂತು. ಅತ್ತೆ ಗಹಗಹಿಸಿ ನಕ್ಕಳೆಂದು ಅಂದು ಡೈರಿಯಲ್ಲಿ ಬರೆದಿದ್ದೇನೆ. ಈಗ ಅನುಮಾನ. ನಕ್ಕವಳು ನಾನಿರಬೇಕು.

ಯಾಕೆಂದರೆ ಸ್ವಲ್ಪ ಹೊತ್ತಿಗೆ ಅವಳು ನಮ್ಮ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು. ಅಮ್ಮ ಕೊಟ್ಟ ಮಜ್ಜಿಗೆ ಲೋಟ ಅವಳ ಕೈಯಲ್ಲಿ ನಿಲ್ಲಲೇ ಇಲ್ಲ, ಸೀರೆಯ ಮೇಲೆಲ್ಲ ಚೆಲ್ಲಿತು.

"ಅವನು ತಿರುಗಿಸ್ಬುಟ್ಟಿದ್ರೆ ಏನತ್ತಿಗೆ ಮಾಡ್ತಿದ್ದೆ ನಾನು?" ಎಂದಳು. ಅಂಥ ಸಣ್ಣ ದನಿ ಅವಳಿಗಿದೆಯೆಂದು ನನಗೆ ಗೊತ್ತಿರಲಿಲ್ಲ. "ಮುದ್ದೆ ಇದ್ರೆ ಆಕು. ನೀರ್ ನಿಲ್ಸಿದ್ ದಿನದಿಂದ ಗಂಟ್ಲಲ್ಲಿ ಏನೂ ಇಳ್ದಿಲ್ಲ."

ಅಮ್ಮ ತಟ್ಟೆ ಇಟ್ಟಳು. ಅತ್ತೆಯ ಬೆರಳಿಗೆ ಮುದ್ದೆ ಮುರಿಯಲಾಗಲಿಲ್ಲ. ಅಮ್ಮ ಎದುರಿಗೆ ಕುಳಿತು, ಬೈದುಕೊಳ್ಳುತ್ತಲೇ, ತುತ್ತು ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನಾದಿನಿಯ ಬಾಯಿಗೆ ಹಿಡಿದಳು. ಊರಿಗೆ ಊರನ್ನೇ ಎದುರು ಹಾಕಿಕೊಂಡಿದ್ದ ಹೆಂಗಸು ಕಣ್ಣು ಮುಚ್ಚಿ, ಮಗುವಿನ ಹಾಗೆ ಬಾಯಿ ತೆರೆದಳು.