ಹಿಂದೆ ಬಿದ್ದ ಅಪ್ಪ

ಮಗಳ ಹಿಂದೆ ಹೋಗಬೇಕಾದ ಕಾಲ ಬಂತಲ್ಲ ಎಂಬುದು ಕನ್ನಡಕದಂಗಡಿ ಯಜಮಾನರ ಕೊರಗು.

ಅವಳಿಗೆ ಮೋಟಾರ್ ಸೈಕಲ್ ಕಲಿಸಿದವರೇ ಅವರು. ಹದಿನೆಂಟು ತುಂಬಿದ ಮಾರನೆಯ ದಿನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, "ಮಲಗಿದ ಮಗುವಿನ ಕೆಳಗಿಂದ ಕೈ ತೆಗೀತೀವಲ್ಲ, ಕ್ಲಚ್ಚು ಹಾಗೆ ಬಿಡ್ಬೇಕು" ಎಂದು ಹೇಳಿಕೊಟ್ಟಿದ್ದರು. ಈಗ ಮಗಳಿಗೆ ಇಪ್ಪತ್ತೊಂಬತ್ತು. ಲಿಫ್ಟು ರಿಪೇರಿ ಅವಳ ಕೆಲಸ. ವಾರವಿಡೀ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿ, ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಊರಾಚೆಗೆ ಗಾಡಿ ಓಡಿಸಿಕೊಂಡು ಹೋದರೇ ಅವಳಿಗೆ ಸಮಾಧಾನ. ಹನ್ನೊಂದು ವರ್ಷ ಅಪ್ಪನ ಹಳೆಯ ಗಾಡಿ ಮುಂದೆ, ಮಗಳ ಗಾಡಿ ಹಿಂದೆ. ಜಗತ್ತು ಕ್ರಮವಾಗಿಯೇ ನಡೆದಿತ್ತು.

ಕಳೆದ ತಿಂಗಳು ಯಜಮಾನರು ಮನೆಯ ಗೇಟಿನ ಮುಂದೆ, ಗಾಡಿಯನ್ನು ಗೇಟಿಗೇ ತಗುಲಿಸಿಕೊಂಡು ಬಿದ್ದರು. (ಹೆದ್ದಾರಿಯಲ್ಲಿ ಬಿದ್ದಿದ್ದರೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.) ಮೊಣಕೈ ತರಚಿತು, ಅಷ್ಟೆ. ಆದರೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿ ಮೊದಲಿನಿಂದ ಕೊನೆಯವರೆಗೆ ನೋಡಿಬಿಟ್ಟರು. ಅಂದು ಮಧ್ಯಾಹ್ನವೇ ರಾಜಾಜ್ಞೆ ಹೊರಟಿತು.

"ಇನ್ಮೇಲೆ ಅವಳು ಮುಂದೆ, ನೀವು ಹಿಂದೆ. ಅವಳು ಹೋದ ದಾರೀಲೇ ಹೋಗಬೇಕು, ನಿಂತ ಕಡೆ ನಿಲ್ಲಬೇಕು. ಇನ್ನೊಂದು ಸಲ ಏನಾದ್ರೂ ಮಾಡ್ಕೊಂಡ್ರೆ ಗಾಡಿ ಗುಜರಿಗೆ."

"ನಲವತ್ತು ವರ್ಷದಿಂದ ಓಡಿಸ್ತಿದೀನಿ ಕಣೇ."

"ಅದಕ್ಕೇ ಹೇಳ್ತಿರೋದು. ಗೇಟಿಗೂ ಸಾಕಾಗಿದೆ."

ಮಗಳು ಅಪ್ಪನ ಪರ ಒಂದು ಮಾತು ಆಡಬಹುದಿತ್ತು. ಅವಳು ಇನ್ನೊಂದು ಸೌಟು ಸಾರು ಬಡಿಸಿಕೊಂಡಳು.

ಇಲ್ಲೊಂದು ಗುಟ್ಟು ಇತ್ತು. ಯಜಮಾನರಿಗೆ ದೂರದ್ದು ಮಂಜಾಗಿ ಕಾಣುತ್ತಿತ್ತು. ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿಕೊಂಡು ಒಳ್ಳೆಯ ಕನ್ನಡಕವನ್ನೂ ಮಾಡಿಸಿಕೊಂಡಿದ್ದರು. ಆದರೆ ಹೆಲ್ಮೆಟ್ಟಿನೊಳಗೆ ಅದರ ಕಡ್ಡಿ ಕಿವಿಯ ಮೇಲೆ ಒತ್ತುತ್ತದೆಂದು, ಬೀದಿ ತಿರುಗಿದ ತಕ್ಷಣ ತೆಗೆದು ಜೇಬಿಗೆ ಸೇರಿಸುತ್ತಿದ್ದರು. ಗಿರಾಕಿ ಯಾರಾದರೂ ಹೀಗೆ ಮಾಡಿದ್ದರೆ ಅರ್ಧ ಗಂಟೆ ಉಪದೇಶ ಕೊಡುತ್ತಿದ್ದರು.

ಹೊಸ ಕಾನೂನಿನ ಎರಡನೆಯ ಭಾನುವಾರ ಅಪ್ಪ ಮಗಳು ಹೊರಟರು. ಮಗಳದು ಕಿತ್ತಳೆ ಬಣ್ಣದ ಹೆಲ್ಮೆಟ್ಟು, ಕಪ್ಪು ಜಾಕೆಟ್ಟು. ಆ ಕಿತ್ತಳೆ ಚುಕ್ಕೆಯನ್ನು ಹಿಡಿದುಕೊಂಡು ಯಜಮಾನರು ಹಿಂಬಾಲಿಸಿದರು. ಪೆಟ್ರೋಲ್ ಬಂಕಿನ ಹತ್ತಿರ ಒಂದು ಲಾರಿ ನಡುವೆ ನುಗ್ಗಿತು. ಅದು ಪಕ್ಕಕ್ಕೆ ಸರಿದಾಗ ಕಿತ್ತಳೆ ಚುಕ್ಕೆ ಮುಂದೆಯೇ ಇತ್ತು. ಯಜಮಾನರು ನಿಶ್ಚಿಂತೆಯಿಂದ ಬೆನ್ನು ಹತ್ತಿದರು.

ಚುಕ್ಕೆ ಎಡಕ್ಕೆ ತಿರುಗಿತು, ಇವರೂ ತಿರುಗಿದರು. ಚುಕ್ಕೆ ಹಿಂತಿರುಗಿ ನೋಡಿತು, ಇವರು ಕೈ ಬೀಸಿದರು. ಯಾಕೋ ಅದರ ವೇಗ ಹೆಚ್ಚಾಯಿತು. ಇವರೂ ಹೆಚ್ಚಿಸಿದರು. ತಾಯಿ ಅಷ್ಟು ಹೇಳಿಯೂ ಈ ಹುಡುಗಿ ಹೀಗೆ ಹಾರುತ್ತಿದ್ದಾಳಲ್ಲ ಎಂದು ಸಿಟ್ಟು ಬಂದು ನಾಲ್ಕು ಸಲ ಹಾರ್ನ್ ಹೊಡೆದರು. ಚುಕ್ಕೆ ಒಂದು ವೃತ್ತವನ್ನು ಮೂರು ಸುತ್ತು ಹಾಕಿತು. ಅಪ್ಪನ ಕೈಚಳಕ ಪರೀಕ್ಷಿಸುತ್ತಿದ್ದಾಳೆ ಎಂದುಕೊಂಡ ಯಜಮಾನರು ಮೂರು ಸುತ್ತನ್ನೂ ಅಂದವಾಗಿ ಬಾಗಿ ಮುಗಿಸಿದರು. ಕೊನೆಗೆ ಚುಕ್ಕೆ ಒಂದು ಕಾಂಪೌಂಡಿನೊಳಗೆ ನುಗ್ಗಿ ನಿಂತಿತು. ಇವರೂ ಪಕ್ಕದಲ್ಲೇ ನಿಲ್ಲಿಸಿ, ಇಳಿದು, ಆ ಹೆಲ್ಮೆಟ್ಟಿನ ನೆತ್ತಿಗೆ ಬೆರಳಿಂದ ಟಕಟಕ ಕುಟ್ಟಿದರು.

"ಏನೇ ಪುಟ್ಟಿ, ಅಪ್ಪನ್ನ ಸಾಯಿಸ್ಬೇಕು ಅಂತಿದೀಯಾ?"

ಹೆಲ್ಮೆಟ್ಟು ಮೇಲೆದ್ದಿತು. ಒಳಗೆ ದಪ್ಪ ಮೀಸೆಯ ಒಬ್ಬ ಗಂಡಸಿದ್ದ.

"ಮೇಡಂ, ಇವರು ನನ್ನ ಹಿಂದೆ ಬಿದ್ದಿದಾರೆ," ಎಂದು ಅವನು ಮೆಟ್ಟಿಲ ಮೇಲಿದ್ದ ಖಾಕಿ ಉಡುಪಿನ ಹೆಂಗಸಿನ ಕಡೆ ಕೂಗಿದ. ಆಗ ಯಜಮಾನರಿಗೆ ತಾವು ಪೊಲೀಸ್ ಠಾಣೆಯ ಅಂಗಳದಲ್ಲಿರುವುದು ತಿಳಿಯಿತು.

ಒಳಗೆ ಕನ್ನಡಕ ಹಾಕಿಕೊಂಡಿದ್ದ ಇನ್ಸ್‌ಪೆಕ್ಟರಮ್ಮ ಇಬ್ಬರನ್ನೂ ಕೂರಿಸಿದರು. ಮೀಸೆಯವನು ಇನ್ಶೂರೆನ್ಸ್ ಏಜೆಂಟ್. "ಜನರ ಹಿಂದೆ ಬೀಳೋದು ನನ್ನ ಕಸುಬು ಮೇಡಂ. ನನ್ನ ಹಿಂದೆ ಒಬ್ಬರು ಬಿದ್ದಿದ್ದು ಇದೇ ಮೊದಲು. ಹೆದರ್ಕೊಂಡೆ," ಎಂದ.

"ಯಾಕ್ರೀ ಹಿಂಬಾಲಿಸಿದ್ರಿ ಯಜಮಾನ್ರೆ?"

"ಮಗಳು ಅಂದ್ಕೊಂಡೆ."

ಇನ್ಸ್‌ಪೆಕ್ಟರಮ್ಮ ಮೀಸೆಯನ್ನು ಸ್ವಲ್ಪ ಹೊತ್ತು ನೋಡಿದರು. "ಏನು ಕೆಲಸ ನಿಮ್ಮದು?"

ಇದೊಂದು ಕೇಳದಿದ್ದರೆ ಸಾಕಿತ್ತು. "ಅಂಗಡಿ."

"ಏನಂಗಡಿ?"

ಯಜಮಾನರು ಕೆಮ್ಮಿದರು. ನೀರು ಕುಡಿದರು. "ಕನ್ನಡಕದ್ದು."

ಮೂಲೆಯ ಕಾನ್‌ಸ್ಟೇಬಲ್ ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದ. ಇನ್ಸ್‌ಪೆಕ್ಟರಮ್ಮ ತಮ್ಮ ಕನ್ನಡಕ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನೂ ನಿಮ್ಮಲ್ಲೇ ಮಾಡಿಸಿದ್ದು ಅನ್ಸುತ್ತೆ," ಎಂದು ಅನುಮಾನದಿಂದಲೇ ಮತ್ತೆ ಹಾಕಿಕೊಂಡರು. ಆಮೇಲೆ ಮಗಳ ನಂಬರಿಗೆ ಫೋನು ಮಾಡಿಸಿದರು.

ಮಗಳು ಬಂದಾಗ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಗಾಳಿ ಹಾಕಿಸಲು ಬಂಕಿಗೆ ತಿರುಗಿದ್ದ ಅವಳು, ಅಪ್ಪ ಬಾರದ್ದನ್ನು ನೋಡಿ ಒಂದು ಗಂಟೆಯಿಂದ ಅದೇ ರಸ್ತೆಯಲ್ಲಿ ಹೋಗಿ ಬಂದು ಮಾಡಿದ್ದಳು. ಬೈಯಲಿಲ್ಲ. ಅಪ್ಪನ ಎರಡೂ ಕೈ ಹಿಡಿದು ತಿರುಗಿಸಿ, ಮೊಣಕಾಲು ಮುಟ್ಟಿ ನೋಡಿದಳು. ಆಮೇಲೆ ಜೇಬಿನಿಂದ ಇಣುಕುತ್ತಿದ್ದ ಕನ್ನಡಕ ಕಣ್ಣಿಗೆ ಬಿತ್ತು.

"ಗೇಟಿಗೆ ಗುದ್ದಿದ್ಯಲ್ಲ, ಅವತ್ತೂ ಇದು ಜೇಬಲ್ಲೇ ಇತ್ತಾ?"

"ಹೂಂ."

"ಫೋನ್ ಮಾಡಿದ್ರೆ ಎತ್ತಲಿಲ್ಲ. ರಸ್ತೆ ಪಕ್ಕದ ಚರಂಡಿ ಎಲ್ಲಾ ಇಣುಕಿ ನೋಡ್ಕೊಂಡು ಬಂದೆ ಅಪ್ಪ."

ಯಜಮಾನರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮಗಳ ಕಣ್ಣು ಕೆಂಪಾಗಿರುವುದು ಆಗ ಸ್ಪಷ್ಟವಾಗಿ ಕಂಡಿತು.

"ತಂದೆಯವರ ಹೆಸರಲ್ಲಿ ಪಾಲಿಸಿ ಏನಾದ್ರೂ ಇದೆಯಾ ಮೇಡಂ?" ಎಂದು ಏಜೆಂಟ್ ಮೆಲ್ಲಗೆ ಕೇಳಿ ತನ್ನ ಕಾರ್ಡು ಕೊಟ್ಟ. ಮಗಳು ಅದನ್ನು ಬೇಡವೆನ್ನದೆ ಒಳಗಿಟ್ಟುಕೊಂಡದ್ದು ಯಜಮಾನರಿಗೆ ಅಷ್ಟು ಹಿಡಿಸಲಿಲ್ಲ.

ಅಂಗಳದಲ್ಲಿ ಅವಳು, "ಅಮ್ಮನಿಗೆ ಇದನ್ನೆಲ್ಲ ಹೇಳಲ್ಲ. ಆದ್ರೆ ಕನ್ನಡಕ ತೆಗೆಯೋ ಹಾಗಿಲ್ಲ. ಮತ್ತೆ ನೀನು ಮುಂದೆ ಹೋಗು. ಹಿಂದೆ ಬಿಟ್ಕೊಂಡು ಇನ್ನೊಂದು ಸಲ ಹುಡುಕೋಕೆ ನನ್ನ ಕೈಲಾಗಲ್ಲ," ಎಂದಳು.

ನೀನು ಮುಂದೆ ಹೋಗು ಎಂಬುದಷ್ಟೇ ಯಜಮಾನರ ಕಿವಿಗೆ ಬಿತ್ತು. ಕಳೆದುಹೋದ ಸಿಂಹಾಸನ ಠಾಣೆಯಲ್ಲಿ ಸಿಕ್ಕಿತ್ತು.

ಹಿಂದಿರುಗುವಾಗ ರಸ್ತೆಯೇ ಬದಲಾದಂತಿತ್ತು. ಯಾರೂ ಮೈಮೇಲೆ ಬರಲಿಲ್ಲ. ಬಸ್ಸೊಂದು ನಿಂತು ದಾರಿ ಬಿಟ್ಟಿತು. ಕಾರುಗಳು ವಿನಯದಿಂದ ದೂರ ಸರಿದು ಹೋದವು. ಅನುಭವಸ್ಥನ ಬೆನ್ನು ನೋಡಿದರೇ ಜನಕ್ಕೆ ಗೊತ್ತಾಗುತ್ತದೆ ಎಂದುಕೊಂಡು ಯಜಮಾನರು ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದರು. ಗೇಟಿನೊಳಗೆ ಗಾಡಿ ತಂದು ನಿಲ್ಲಿಸಿದಾಗ ಹೆಂಡತಿ ಬಾಗಿಲಲ್ಲೇ ಇದ್ದರು.

"ನೋಡು, ಇವತ್ತು ನಾನೇ ಮುಂದೆ. ಬಸ್ಸಿನವನೂ ನಿಂತು ದಾರಿ ಬಿಟ್ಟ."

"ಬಿಡದೆ ಏನ್ ಮಾಡ್ತಾನೆ? ಹಿಂದೆ ಇವಳು ಎರಡೂ ಕಡೆ ದೀಪ ಮಿನುಗಿಸ್ಕೊಂಡು, ಕೈ ಎತ್ತಿ ಎಲ್ಲರನ್ನೂ ತಡೀತಾ ಬರ್ತಿದ್ಳಲ್ಲ. ಬೀದಿ ತುದೀಲಿ ನೋಡಿ ಯಾರನ್ನೋ ಆಸ್ಪತ್ರೆಗೆ ಸಾಗಿಸ್ತಿದಾರೆ ಅಂದ್ಕೊಂಡೆ."

ಯಜಮಾನರು ಮಗಳ ಕಡೆ ತಿರುಗಿದರು. ಅವಳು ಬಗ್ಗಿ ತನ್ನ ಗಾಡಿಯ ಚೈನನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದಳು.

"ಎಷ್ಟು ಸ್ಪೀಡಲ್ಲಿ ಬಂದ್ರು ನಿಮ್ಮಪ್ಪ?" ಎಂದು ಹೆಂಡತಿ ಕೇಳಿದರು.

"ಇಪ್ಪತ್ತೆರಡು," ಎಂದಳು ಮಗಳು, ತಲೆ ಎತ್ತದೆ. "ಕನ್ನಡಕದಲ್ಲಿ ಗುಂಡಿ ಎಲ್ಲಾ ಕಾಣಿಸ್ತು ಅನ್ಸುತ್ತೆ. ಸೈಕಲ್ಲಿನವರೊಬ್ಬರು ಅಪ್ಪನ್ನ ಹಿಂದೆ ಹಾಕಿ ಹೋದ್ರು."

"ಅವನು ತಪ್ಪು ಕಡೆಯಿಂದ ಬಂದ," ಎಂದರು ಯಜಮಾನರು. "ಅದು ಲೆಕ್ಕಕ್ಕೆ ಬರಲ್ಲ."