ಬಚ್ಚಲುಮನೆಯಲ್ಲಿ ಎಣ್ಣೆಬಾವಿಯ ಜೀವಿಗಳು

ಶಿಸ್ತಿನ ಹಾಸ್ಟೆಲಿನಲ್ಲಿ ನಗುವಂಥದ್ದು ನಡೆಯಬಾರದು ಎಂಬುದು ನನ್ನ ನಿಯಮ. ಆದರೆ ನಂಜನಗೂಡಿನ ಈ ಮಹಿಳಾ ಹಾಸ್ಟೆಲಿಗೆ ನಾನು ಮೇಟ್ರನ್ ಆದಂದಿನಿಂದ ಅಂಥವು ನನ್ನ ಅನುಮತಿ ಕೇಳದೆ ನಡೆಯುತ್ತಲೇ ಇವೆ.

೧. ಮೊಟ್ಟೆ

ನಮ್ಮದು ಸಸ್ಯಾಹಾರಿ ಹಾಸ್ಟೆಲ್. ಒಂದು ಸಂಜೆ ಏಳನೇ ರೂಮಿನಿಂದ ಕೊಳೆತ ಮೊಟ್ಟೆಯ ವಾಸನೆ. ಕಾನ್ವೆಂಟಿನಲ್ಲಿ ಓದಿದವಳು ನಾನು, ತಟ್ಟದೆ ಒಳಗೆ ಹೋಗುವುದಿಲ್ಲ. ತಟ್ಟಿದೆ, ಉತ್ತರಕ್ಕೆ ಕಾದೆ, ಆಮೇಲೆ ಮಂಚದಡಿಯೆಲ್ಲ ಹುಡುಕಿದೆ. ಆ ರೂಮಿನಲ್ಲಿದ್ದದ್ದು ಮೂಗೂರಿನ ಹುಡುಗಿ, ನೀರು ಪರೀಕ್ಷಿಸುವ ಒಂದು ಲ್ಯಾಬಿಗೆ ಹೊಸದಾಗಿ ಸೇರಿದವಳು.

"ಮೊಟ್ಟೆ ಎಲ್ಲಿ?"

"ಮೊಟ್ಟೆ ಅಲ್ಲ ಮೇಡಂ, ನನ್ನ ಕೋಟು. ಲ್ಯಾಬಲ್ಲಿ ಶೀಶೆ ಒಡೆದು ಎಣ್ಣೆಬಾವಿ ನೀರು ಚೆಲ್ಲಿಬಿಡ್ತು."

ಭೂಮಿಯಾಳದ ಎಣ್ಣೆಯನ್ನು ಮೇಲಕ್ಕೆ ತಳ್ಳಲು ಬಾವಿಯೊಳಗೆ ನೀರು ನುಗ್ಗಿಸುತ್ತಾರಂತೆ. ಆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಂಸಾರ ಹೂಡಿ, ಪೈಪುಗಳನ್ನು ಕೆಡಿಸಿ, ಈ ವಾಸನೆ ಬಿಡುತ್ತವಂತೆ. ಬಂಡೆಯ ಸಂದಿಯಲ್ಲಿ, ಅಷ್ಟು ಬಿಸಿಯಲ್ಲಿ, ಗಾಳಿ ಬೆಳಕು ಏನೂ ಇಲ್ಲದೆ! ನನಗೆ ಗೌರವವೇ ಹುಟ್ಟಿತು. ನಮ್ಮ ಹುಡುಗಿಯರು ಫ್ಯಾನು ಹತ್ತು ನಿಮಿಷ ನಿಂತರೆ ಅರ್ಜಿ ಬರೆಯುತ್ತಾರೆ.

೨. ಉಸಿರು

ಮುಂದಿನ ವಾರ ಲ್ಯಾಬಿನ ಬಿಸಿಪೆಟ್ಟಿಗೆ ಕೆಟ್ಟಿತು. ಎಣ್ಣೆಬಾವಿಯ ನೀರಿನ ಆರು ಶೀಶೆಗಳು ಹದಿನಾಲ್ಕು ದಿನ ನಲವತ್ತೈದು ಡಿಗ್ರಿಯಲ್ಲೇ ಇರಬೇಕು. ಜೀವಿಗಳಿದ್ದರೆ ನೀರು ಕಪ್ಪಾಗುತ್ತದೆ. ಬಿಸಿ ತಪ್ಪಿದರೆ ಪರೀಕ್ಷೆ ಹಾಳು, ಹುಡುಗಿಯ ಕೆಲಸವೂ ಕಾಯಂ ಆಗುವುದಿಲ್ಲ. ಅವಳು ಅತ್ತಳು. ನನ್ನ ಹಾಸ್ಟೆಲಿನಲ್ಲಿ ಅಳುವುದಕ್ಕೆ ಅವಕಾಶವಿಲ್ಲ. ಶೀಶೆಗಳನ್ನು ಬಿಸಿನೀರಿನಲ್ಲಿ ಮುಳುಗಿಸಿಡಲು ಬಚ್ಚಲುಮನೆಯ ಹಳೆಯ ತಾಮ್ರದ ಹಂಡೆಯನ್ನು ಬಿಟ್ಟುಕೊಟ್ಟೆ. ಲ್ಯಾಬಿನವರೂ ಒಪ್ಪಿದರು. ಭತ್ತದ ಹೊಟ್ಟು ಹಾಕಿ ಬೆಂಕಿ ಕಾಯಲು ನಿಂತವಳು ಹದಿನಾರು ಎಂಬ ಊರಿನ ನಮ್ಮ ಆಯಾ.

ಶೀಶೆಗಳ ಬಿಗಿಯಾದ ಮುಚ್ಚಳ ಕಂಡು ಅವಳಿಗೆ ಕನಿಕರ. "ಉಸ್ರು ಕಟ್ಟಕಿಲ್ವಾ ಕಣವ್ವ? ವಸಿ ಸಡ್ಲ ಮಾಡ್ಲಾ?"

"ಅಯ್ಯೋ ಬೇಡ! ಗಾಳಿ ತಾಕಿದ್ರೆ ಸತ್ತೋಗ್ತವೆ."

ಆಯಾ ಕೈ ಹಿಂದಕ್ಕೆಳೆದುಕೊಂಡಳು. "ನಮ್ಮತ್ತೆನೂ ಇಂಗೇ ಕಣವ್ವ. ಕಿಟಕಿ ತೆಗ್ಯಾಕೆ ಬುಡ್ತಿರ್ನಿಲ್ಲ. ಅಂಥೋರೇ ಬಾಳಾ ದಿನ ಬದ್ಕದು!"

೩. ಉಪಕರಣ

ಮೂರನೇ ದಿನ ಹಂಡೆಯ ಬಿಸಿ ಅಳೆಯುವ ಥರ್ಮಾಮೀಟರ್ ಒಡೆಯಿತು. ಒರೆಸಿ ಹೊಳಪು ಮಾಡಲು ಹೋಗಿ ನಾನೇ ಒಡೆದೆ. "ಆ ಕಡ್ಡಿ ಯಾಕ್ರವ್ವಾ, ನಾನಿಲ್ವಾ?" ಎಂದಳು ಆಯಾ. ಅಂದಿನಿಂದ ಅವಳು "ಸರಿ ಅದೆ" ಎಂದಳು, ನಾನು ಲ್ಯಾಬಿನ ದಾಖಲೆ ಪುಸ್ತಕದಲ್ಲಿ ದುಂಡಗೆ ಬರೆದೆ.

ಹದಿನಾಲ್ಕನೇ ದಿನ ಶೀಶೆಗಳು ಕಪ್ಪಾಗಿದ್ದವು. ಎಣ್ಣೆ ಕಂಪನಿಯ ಅಧಿಕಾರಿ ಬಂದರು. ಅವರ ಸಹಿ ಬಿದ್ದರೆ ಹುಡುಗಿಯ ಕೆಲಸ ಕಾಯಂ. ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. "ಹನ್ನೊಂದು ದಿನ ಬರೀ ಸರಿ ಅದೆ ಅಂದ್ರೆ ಹೇಗೆ?"

"ಕೈ ಮುಳುಗ್ಸಿ ಹತ್ತು ಎಣಿಸ್ತೀನಿ ಸಾ. ಎಂಟಕ್ಕೇ ಚುರುಕ್ ಅಂದ್ರೆ ಬೆಂಕಿ ಈಚೆಗೆಳೀತೀನಿ. ಹನ್ನೆರಡಾದ್ರೂ ತಡುದ್ರೆ ವಟ್ಟು ಆಕ್ತೀನಿ."

ಅಧಿಕಾರಿ ತಮ್ಮ ಥರ್ಮಾಮೀಟರನ್ನು ಹಂಡೆಗಿಳಿಸಿದರು. ಹುಡುಗಿ ಕಣ್ಣು ಮುಚ್ಚಿದಳು. ನಲವತ್ತೈದು. ಅವರು ಇನ್ನೊಮ್ಮೆ ಇಳಿಸಿದರು. ನಲವತ್ತೈದೇ.

ಸಹಿ ಹಾಕಿ ಕೇಳಿದರು, "ಉಪಕರಣದ ಜಾಗದಲ್ಲಿ ಏನು ಬರೆಯೋಣ? ಕೈ ಅಂತಲೇ?"

"ಬಲಗೈ ಅಂತ ಸರ್ಯಾಗಿ ಬರ್ಕಳಿ ಸಾ," ಎಂದಳು ಆಯಾ. "ಎಡಗೈನ ನಂಬಂಗಿಲ್ಲ."